ಅಟ್ಯಾಕ್, ಅಸಾಲ್ಟ್, ಆನ್‌ಸ್ಲಾಟ್, ರೇಡ್: ‘ದಾಳಿ’ಗೆ ಇಂಗ್ಲಿಷಿನಲ್ಲಿ ಯಾವ ಪದ, ಯಾವಾಗ?

ಬೆಂಗಳೂರಿನ ಯಾವುದೇ ಕನ್ನಡ ಪತ್ರಿಕೆ ಬಿಡಿಸಿ ನೋಡಿ. ಬೀದಿನಾಯಿ ದಾಳಿ, ಲೋಕಾಯುಕ್ತ ದಾಳಿ, ಸೈಬರ್ ದಾಳಿ, ವಿಪಕ್ಷ ನಾಯಕರ ವಾಗ್ದಾಳಿ, ಕೊನೆಯ ಪುಟದಲ್ಲಿ ಬೌಲಿಂಗ್ ದಾಳಿ. ನಮಗೆ ಒಂದೇ ಪದ ಸಾಕು, ಅದರ ಹಿಂದಿರುವ ಪದ ಉಳಿದದ್ದನ್ನು ಹೇಳಿಬಿಡುತ್ತದೆ. ಇದನ್ನೇ ಇಂಗ್ಲಿಷಿಗೆ ತರುವಾಗ ಹಾಗೆ ನಡೆಯುವುದಿಲ್ಲ. ಅಲ್ಲಿ ಒಂದೊಂದು ದಾಳಿಗೆ ಒಂದೊಂದು ಪದ, ಒಂದೊಂದಕ್ಕೂ ಅದರದೇ ವ್ಯಾಕರಣ. ಸುದ್ದಿ ಅನುವಾದ ಮಾಡುವವರು, ಐಇಎಲ್‌ಟಿಎಸ್ ಅಥವಾ ಕೆಎಎಸ್ ಪ್ರಬಂಧ ಬರೆಯುವವರು, ಪೊಲೀಸ್ ದೂರನ್ನು ಇಂಗ್ಲಿಷಿಗೆ ತರುವ ವಕೀಲರ ಕಚೇರಿಯವರು, ಐಟಿ ಕಂಪನಿಯಲ್ಲಿ ಘಟನೆಯ ವರದಿ ಬರೆಯುವವರು ಎಲ್ಲರೂ ಎಡವುವುದು ಇದೇ ಜಾಗದಲ್ಲಿ.

ಸಮಾನಾರ್ಥಕ ಪದಗಳ ಪಟ್ಟಿ ಉರು ಹೊಡೆದರೆ ಈ ತೊಂದರೆ ಹೋಗುವುದಿಲ್ಲ, ಹೆಚ್ಚಾಗುತ್ತದೆ. ಪದ ಆರಿಸುವ ಮುನ್ನ ಘಟನೆಯನ್ನೇ ನಾಲ್ಕು ಪ್ರಶ್ನೆ ಕೇಳಬೇಕು. ಬಿದ್ದದ್ದು ಒಂದೇ ಪೆಟ್ಟೋ, ಮೇಲಿಂದ ಮೇಲೆ ಬಂದದ್ದೋ? ಬಂದವರು ಕೆಲಸ ಮುಗಿಸಿ ಹಿಂದಿರುಗಿದರೋ, ಅಲ್ಲೇ ನೆಲೆ ನಿಂತರೋ? ಮೈಗೆ ಕೈ ತಾಗಿತೋ, ಇಲ್ಲವೋ? ಮಾಡಿದ್ದು ಮನುಷ್ಯನೋ, ಪ್ರಾಣಿಯೋ, ಬರೀ ಮಾತೋ? ಇವಕ್ಕೆ ಉತ್ತರ ಸಿಕ್ಕರೆ ಪದ ತಾನಾಗಿಯೇ ಸಿಗುತ್ತದೆ.

ಮೊದಲ ಆಯ್ಕೆ ಯಾವತ್ತೂ ‘ಅಟ್ಯಾಕ್’

ಸಂದೇಹವಿದ್ದಲ್ಲಿ ‘ಅಟ್ಯಾಕ್’ ಬಳಸಿ. ಇದು ಬಡ ಪದವಲ್ಲ. ಪ್ರಾಣಿ, ಸೈನ್ಯ, ಕಾಯಿಲೆ, ಟೀಕೆ, ವೈರಸ್, ಚೆಸ್ ಆಟ ಎಲ್ಲದಕ್ಕೂ ಸಲ್ಲುತ್ತದೆ. ಬರಹಕ್ಕೆ ತೂಕ ಬರಲೆಂದು ‘ಆನ್‌ಸ್ಲಾಟ್’, ‘ಅಸಾಲ್ಟ್’ ಎಂದು ಹಾಕುವವರ ಹತ್ತು ವಾಕ್ಯಗಳಲ್ಲಿ ಹೆಚ್ಚಿನವಕ್ಕೆ ‘ಅಟ್ಯಾಕ್’ ಒಂದೇ ಸಾಕಿತ್ತು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಕನ್ನಡಿಗರು ತಪ್ಪುವುದು ಅರ್ಥದಲ್ಲಲ್ಲ, ವಿಭಕ್ತಿಯಲ್ಲಿ. ‘ಅವನ ಮೇಲೆ ದಾಳಿ ಮಾಡಿದರು’ ಎಂಬುದರ ‘ಮೇಲೆ’ ಹಾಗೇ ನುಸುಳಿ ‘ದೇ ಅಟ್ಯಾಕ್ಡ್ ಆನ್ ಹಿಮ್’ ಆಗಿಬಿಡುತ್ತದೆ. ಕ್ರಿಯಾಪದವಾದಾಗ ‘ಆನ್’ ಬೇಡ: ‘ದೇ ಅಟ್ಯಾಕ್ಡ್ ಹಿಮ್’. ನಾಮಪದವಾದಾಗ ಬೇಕು: ‘ದಿ ಅಟ್ಯಾಕ್ ಆನ್ ಹಿಮ್’. ‘ಅಸಾಲ್ಟ್’, ‘ರೇಡ್’ ಎರಡಕ್ಕೂ ಇದೇ ನಿಯಮ. ‘ಆಂಬುಷ್’ ಕ್ರಿಯಾಪದಕ್ಕೂ ‘ಆನ್’ ಇಲ್ಲ. ಆದರೆ ‘ಪೌನ್ಸ್ ಆನ್’, ‘ಲ್ಯಾಶ್ ಔಟ್ ಆ್ಯಟ್’, ‘ಟೇರ್ ಇಂಟು’, ‘ಸೆಟ್ ಅಪಾನ್’ ಇವುಗಳಲ್ಲಿ ಆ ಪುಟ್ಟ ಪದ ಕ್ರಿಯಾಪದದ ಅಂಗ, ತೆಗೆದರೆ ವಾಕ್ಯ ಬೀಳುತ್ತದೆ.

‘ದಾಳಿ ಮಾಡು’ವಿನ ‘ಮಾಡು’ ಕೂಡ ಹಾಗೆಯೇ ಕಾಡುತ್ತದೆ. ‘ಡಿಡ್ ಆ್ಯನ್ ಅಟ್ಯಾಕ್’ ಎನ್ನುವುದಿಲ್ಲ. ಸೈನ್ಯವೋ ಗುಂಪೋ ಆದರೆ ‘ಲಾಂಚ್’ ಅಥವಾ ‘ಮೌಂಟ್’, ಉಗ್ರರ ಕೃತ್ಯವಾದರೆ ‘ಕ್ಯಾರಿ ಔಟ್’. ದಾಳಿಗೆ ಒಳಗಾದವರು ‘ಕೇಮ್ ಅಂಡರ್ ಅಟ್ಯಾಕ್’. ನಡುವೆ ‘ದಿ’ ಸೇರಿಸಬಾರದು.

ಕಾಯಿಲೆಯ ವಿಷಯದಲ್ಲಿ ಒಂದು ಎಚ್ಚರಿಕೆ. ‘ಅವರಿಗೆ ಅಟ್ಯಾಕ್ ಆಯ್ತು’ ಎಂದರೆ ಬೆಂಗಳೂರಿನಲ್ಲಿ ಹೃದಯಾಘಾತ ಎಂದು ಎಲ್ಲರಿಗೂ ಗೊತ್ತು. ಹೊರದೇಶದ ಸಹೋದ್ಯೋಗಿಗೆ ‘ಹಿ ಗಾಟ್ ಅಟ್ಯಾಕ್ಡ್’ ಎಂದು ಸಂದೇಶ ಕಳಿಸಿದರೆ ಯಾರೋ ಹೊಡೆದರು ಎಂದೇ ಅವರು ಓದುತ್ತಾರೆ. ‘ಹಿ ಹ್ಯಾಡ್ ಎ ಹಾರ್ಟ್ ಅಟ್ಯಾಕ್’ ಎಂದು ಪೂರ್ತಿ ಬರೆಯಿರಿ. ಆಸ್ತಮಾ, ಪ್ಯಾನಿಕ್ ಇವುಗಳ ಜೊತೆಗೂ ‘ಅಟ್ಯಾಕ್’ ಬರುತ್ತದೆ. ಪಾರ್ಶ್ವವಾಯು ಮಾತ್ರ ‘ಸ್ಟ್ರೋಕ್’, ಮೂರ್ಛೆರೋಗದ ಸೆಳೆತ ‘ಸೀಝರ್’.

ಹಲ್ಲೆ ಮತ್ತು ‘ಅಸಾಲ್ಟ್’: ಅತಿ ಹೆಚ್ಚು ಎಚ್ಚರ ಬೇಕಾದ ಜೋಡಿ

ಕನ್ನಡದಲ್ಲಿ ‘ಹಲ್ಲೆ’ ಎಂದೊಡನೆ ಏಟು ಬಿದ್ದಿದೆ ಎಂದೇ ಅರ್ಥ. ದಿನಬಳಕೆಯ ಇಂಗ್ಲಿಷಿನ ‘ಅಸಾಲ್ಟ್’ ಕೂಡ ಬಹುಮಟ್ಟಿಗೆ ಅದೇ: ಒಬ್ಬ ಮನುಷ್ಯ ಇನ್ನೊಬ್ಬನ ಮೈಮೇಲೆ ನಡೆಸುವ ಹಿಂಸೆ. ಕಾನೂನಿನ ‘ಅಸಾಲ್ಟ್’ ಬೇರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 130ನೇ ಸೆಕ್ಷನ್ (ಹಳೆಯ ಐಪಿಸಿಯಲ್ಲಿ 351) ಹೇಳುವಂತೆ, ಎದುರಿಗಿರುವವನಿಗೆ ‘ಈಗ ಇವನು ನನ್ನ ಮೇಲೆ ಬಲ ಪ್ರಯೋಗಿಸುತ್ತಾನೆ’ ಎಂಬ ಭಯ ಹುಟ್ಟಿಸುವ ಸನ್ನೆ ಅಥವಾ ಸಿದ್ಧತೆಯೇ ‘ಅಸಾಲ್ಟ್’. ಮೈ ಮುಟ್ಟಬೇಕೆಂದೇನೂ ಇಲ್ಲ. ಕಾನೂನೇ ಕೊಡುವ ಉದಾಹರಣೆಗಳು ಮೂರು: ಮುಷ್ಟಿ ಎತ್ತಿ ತೋರಿಸುವುದು, ಕಚ್ಚುವ ನಾಯಿಯ ಬಾಯಿಪಟ್ಟಿ ಬಿಚ್ಚತೊಡಗುವುದು, ‘ನಿನಗೆ ಬಾರಿಸುತ್ತೇನೆ’ ಎನ್ನುತ್ತಾ ಕೋಲು ಕೈಗೆತ್ತಿಕೊಳ್ಳುವುದು. ಬರೀ ಮಾತು ಸಾಲದು ಎಂದೂ ಅಲ್ಲೇ ವಿವರಣೆ ಇದೆ. ಆದರೆ ಸನ್ನೆಯ ಅರ್ಥ ಏನೆಂದು ಆ ಮಾತು ತಿಳಿಸಬಹುದು.

ಹೀಗಾಗಿ ‘ಹಲ್ಲೆ ನಡೆಸಿ ಕೈ ಮುರಿದರು’ ಎಂಬ ದೂರಿಗೆ ‘ಅಸಾಲ್ಟೆಡ್’ ಎಂದಷ್ಟೇ ಬರೆದರೆ ದೂರುದಾರರಿಗೆ ಅನ್ಯಾಯವಾಗುತ್ತದೆ. ಏಟು ಬಿದ್ದು ನೋವಾದರೆ ಕಾನೂನಿನ ಭಾಷೆಯಲ್ಲಿ ಅದು ‘ಹರ್ಟ್’. ಮೂಳೆ ಅಥವಾ ಹಲ್ಲು ಮುರಿದರೆ ‘ಗ್ರೀವಸ್ ಹರ್ಟ್’. ತೀವ್ರ ನೋವಿನಿಂದ ನರಳಿದ ಅಥವಾ ದಿನನಿತ್ಯದ ಕೆಲಸ ಮಾಡಲಾಗದ ಅವಧಿಯ ಮೇಲೂ ಗಾಯ ‘ಗ್ರೀವಸ್’ ಆಗುತ್ತದೆ. ಐಪಿಸಿಯಲ್ಲಿ ಅದು 20 ದಿನ ಇತ್ತು, ಹೊಸ ಸಂಹಿತೆಯ 116ನೇ ಸೆಕ್ಷನ್‌ನಲ್ಲಿ 15 ದಿನ. ದೂರು ಭಾಷಾಂತರಿಸುವವರಿಗೆ ನಮ್ಮ ಸಲಹೆ ಇಷ್ಟೇ: ಹಣೆಪಟ್ಟಿ ಹಚ್ಚುವ ಕೆಲಸ ತನಿಖಾಧಿಕಾರಿಗೆ ಬಿಡಿ, ನಡೆದದ್ದನ್ನು ನಡೆದಂತೆ ಬರೆಯಿರಿ. ಕೆನ್ನೆಗೆ ಹೊಡೆದರೆ ‘ಸ್ಲ್ಯಾಪ್ಡ್’, ಮುಷ್ಟಿಯಿಂದ ಗುದ್ದಿದರೆ ‘ಪಂಚ್ಡ್’, ಒದ್ದರೆ ‘ಕಿಕ್ಡ್’, ದೊಣ್ಣೆಯಿಂದಾದರೆ ‘ಬೀಟ್ ಹಿಮ್ ವಿತ್ ಎ ಸ್ಟಿಕ್’.

ಅಮೆರಿಕದ ಧಾರಾವಾಹಿ ನೋಡಿ ‘ಅಸಾಲ್ಟ್ ಆ್ಯಂಡ್ ಬ್ಯಾಟರಿ’ ಎಂದು ಬರೆಯುವವರಿದ್ದಾರೆ. ಅಲ್ಲಿ ‘ಬ್ಯಾಟರಿ’ ಎಂದರೆ ನಿಜಕ್ಕೂ ಮೈ ಮುಟ್ಟಿದ ಹಿಂಸೆ. ನಮ್ಮ ದಂಡಸಂಹಿತೆಯಲ್ಲಿ ಆ ಹೆಸರಿನ ಅಪರಾಧವಿಲ್ಲ, ಎಫ್‌ಐಆರ್ ಅನುವಾದದಲ್ಲಿ ಅದಕ್ಕೆ ಜಾಗವೂ ಇಲ್ಲ.

ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ವರದಿಯಲ್ಲಿ ಪದ ಮತ್ತೆ ಬದಲಾಗುತ್ತದೆ. 2012ರ ಪೋಕ್ಸೊ ಕಾಯ್ದೆಯಲ್ಲಿ 3ನೇ ಸೆಕ್ಷನ್ ‘ಪೆನಿಟ್ರೇಟಿವ್ ಸೆಕ್ಷುಯಲ್ ಅಸಾಲ್ಟ್’, 7ನೇ ಸೆಕ್ಷನ್ ‘ಸೆಕ್ಷುಯಲ್ ಅಸಾಲ್ಟ್’, 11ನೇ ಸೆಕ್ಷನ್ ‘ಸೆಕ್ಷುಯಲ್ ಹರಾಸ್‌ಮೆಂಟ್’. 7ನೆಯದಕ್ಕೆ ದೈಹಿಕ ಸಂಪರ್ಕ ಇರಲೇಬೇಕು. ಬಟ್ಟೆಯ ಮೇಲಿಂದ ಮುಟ್ಟಿದರೂ ಅದು ಸಂಪರ್ಕವೇ ಎಂದು ಸುಪ್ರೀಂ ಕೋರ್ಟ್ 2021ರ ನವೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಕನ್ನಡ ವರದಿಗಳಲ್ಲಿ ಮೂರಕ್ಕೂ ‘ಲೈಂಗಿಕ ದೌರ್ಜನ್ಯ’ ಎಂದೇ ಬರುವುದರಿಂದ ಇಂಗ್ಲಿಷಿಗೆ ತರುವವರು ಸೆಕ್ಷನ್ ಸಂಖ್ಯೆ ನೋಡದೆ ಪದ ಇಡಬಾರದು.

ಇನ್ನೊಂದು ಬಲೆ ‘ಮಾರಣಾಂತಿಕ ಹಲ್ಲೆ’. ಹಲ್ಲೆಗೊಳಗಾದವರು ಆಸ್ಪತ್ರೆಯಲ್ಲಿ ಚೇತರಿಸಿಕೊಳ್ಳುತ್ತಿದ್ದಾರೆ ಎಂಬ ಸುದ್ದಿಯಲ್ಲೂ ನಮ್ಮವರು ಈ ಪದ ಬಳಸುತ್ತಾರೆ. ಅದನ್ನು ‘ಫೇಟಲ್ ಅಟ್ಯಾಕ್’ ಎಂದರೆ ಬದುಕಿರುವವರನ್ನು ಸಾಯಿಸಿದಂತೆ. ‘ಫೇಟಲ್’ ಎಂದರೆ ಪ್ರಾಣ ಹೋಗಿದೆ. ‘ಡೆಡ್ಲಿ ಅಟ್ಯಾಕ್’ ಎಂದರೂ ಓದುಗ ಸಾವು ಸಂಭವಿಸಿದೆ ಎಂದೇ ತಿಳಿಯುತ್ತಾನೆ. ಕೊಲ್ಲುವ ಉದ್ದೇಶವಿತ್ತು ಎನ್ನಬೇಕಾದರೆ ‘ಮರ್ಡರಸ್ ಅಟ್ಯಾಕ್’, ಪ್ರಾಣ ಹೋಗುವಷ್ಟು ಗಾಯವಾಗಿತ್ತು ಎನ್ನಬೇಕಾದರೆ ‘ನಿಯರ್-ಫೇಟಲ್’. ಪ್ರಕರಣ ಕೊಲೆಯತ್ನವೆಂದು ದಾಖಲಾಗಿದ್ದರೆ ‘ಅಟೆಂಪ್ಟ್ ಟು ಮರ್ಡರ್’, ಹೊಸ ಸಂಹಿತೆಯಲ್ಲಿ 109ನೇ ಸೆಕ್ಷನ್.

‘ಅಸಾಲ್ಟ್’ನ ಕರ್ತೃ ಮನುಷ್ಯ ಅಥವಾ ಮನುಷ್ಯರ ಗುಂಪು. ನಾಯಿ ‘ಅಸಾಲ್ಟ್’ ಮಾಡುವುದಿಲ್ಲ. ರೂಪಕವಾಗಿ ವಾಕ್ಸ್ವಾತಂತ್ರ್ಯದ ಮೇಲೆ, ಕಿವಿಯ ಮೇಲೆ, ಪರ್ವತದ ಮೇಲೆ ‘ಅಸಾಲ್ಟ್’ ಸಾಧ್ಯ. 1953ರ ಎವರೆಸ್ಟ್ ಆರೋಹಣದಲ್ಲಿ ಮೇ 26ರಂದು ಹೊರಟ ಬೂರ್ಡಿಲನ್–ಇವಾನ್ಸ್ ಜೋಡಿಯನ್ನು ಮೊದಲ ‘ಅಸಾಲ್ಟ್’ ತಂಡವೆಂದೇ ಕರೆದರು. ಶಿಖರ ಮುಟ್ಟಿದ್ದು ಅವರ ನಂತರ, 29ರಂದು ಹೋದ ಹಿಲರಿ–ತೇನ್ಸಿಂಗ್.

ಅಲೆಯ ಮೇಲೆ ಅಲೆ: ‘ಆನ್‌ಸ್ಲಾಟ್’

ಬರೆಯುವಾಗ ಕೊನೆಯ ಟಿಗೆ ಮುಂಚೆ ಜಿ ಮತ್ತು ಎಚ್ ಇವೆ, ಉಚ್ಚಾರದಲ್ಲಿ ಇಲ್ಲ. ಹದಿನೇಳನೇ ಶತಮಾನದ ಆರಂಭದಲ್ಲಿ ಡಚ್ ಭಾಷೆಯಿಂದ ಬಂದ ಪದವಿದು. ಕೊಲ್ಲುವುದು ಎಂಬರ್ಥದ ಹಳೆಯ ಇಂಗ್ಲಿಷ್ ಪದವೊಂದರ ಪ್ರಭಾವದಿಂದ ಈಗಿನ ರೂಪ ಬಂತು. ಆ ರಕ್ತದ ವಾಸನೆ ಇನ್ನೂ ಪೂರ್ತಿ ಹೋಗಿಲ್ಲ. ಹಾಗಾಗಿ ಒಂದು ಏಟಿಗೆ, ಒಂದು ಟ್ವೀಟಿಗೆ, ಒಬ್ಬ ಕಳ್ಳನ ಕೃತ್ಯಕ್ಕೆ ‘ಆನ್‌ಸ್ಲಾಟ್’ ಎನ್ನಬಾರದು. ಅದು ಪ್ರಚಂಡವಾಗಿರಬೇಕು, ಜೊತೆಗೆ ನಿಲ್ಲದೆ ಬರುತ್ತಿರಬೇಕು. ಎರಡರಲ್ಲಿ ಒಂದು ತಪ್ಪಿದರೆ ‘ಅಟ್ಯಾಕ್’ಗೆ ಹಿಂತಿರುಗಿ.

ಇದು ನಾಮಪದ ಮಾತ್ರ. ‘ದೇ ಆನ್‌ಸ್ಲಾಟೆಡ್’ ಎಂಬ ರೂಪವೇ ಇಲ್ಲ. ಬಹುವಚನವೂ ಅಪರೂಪ. ಜೊತೆಗೆ ಬರುವ ಕ್ರಿಯಾಪದಗಳನ್ನು ಒಟ್ಟಿಗೇ ಕಲಿಯಬೇಕು: ತಡೆದುಕೊಂಡರೆ ‘ವಿತ್‌ಸ್ಟ್ಯಾಂಡ್’, ಎದುರಿಸಿದರೆ ‘ಫೇಸ್’, ಕುಸಿದರೆ ‘ಬಕಲ್ ಅಂಡರ್’. ವಿಶೇಷಣ ಬೇಕಾದರೆ ‘ರಿಲೆಂಟ್‌ಲೆಸ್’ ಅಥವಾ ‘ಸಸ್ಟೇನ್ಡ್’.

‘ಆನ್’ ಮತ್ತು ‘ಆಫ್’ ಅದಲುಬದಲಾದರೆ ಅರ್ಥವೇ ತಿರುಗಿಬೀಳುತ್ತದೆ. ‘ಆನ್‌ಸ್ಲಾಟ್ ಆನ್’ ನಂತರ ಬರುವುದು ಪೆಟ್ಟು ತಿಂದವರ ಹೆಸರು. ‘ಆನ್‌ಸ್ಲಾಟ್ ಆಫ್’ ನಂತರ ಬರುವುದು ಪೆಟ್ಟು ಕೊಟ್ಟದ್ದರ ಹೆಸರು. ರಾಜಕಾಲುವೆ ಉಕ್ಕಿ ಬಡಾವಣೆಗೆ ನೀರು ನುಗ್ಗಿದ ಸುದ್ದಿಯಲ್ಲಿ ‘ದಿ ಆನ್‌ಸ್ಲಾಟ್ ಆಫ್ ರೇನ್’ ಸರಿ. ‘ದಿ ಆನ್‌ಸ್ಲಾಟ್ ಆನ್ ರೇನ್’ ಎಂದರೆ ಯಾರೋ ಮಳೆಯ ಮೇಲೆ ಯುದ್ಧ ಸಾರಿದ್ದಾರೆ ಎಂದಾಗುತ್ತದೆ.

ಕ್ರಿಕೆಟ್ ವರದಿಯಲ್ಲಿ ಈ ಪದಕ್ಕೆ ವಿಶೇಷ ಕೆಲಸವಿದೆ. ಅಲ್ಲಿ ‘ಅಟ್ಯಾಕ್’ ಎಂಬ ನಾಮಪದವನ್ನು ಬೌಲರ್‌ಗಳು ಆಗಲೇ ತೆಗೆದುಕೊಂಡುಬಿಟ್ಟಿದ್ದಾರೆ. 2013ರ ಏಪ್ರಿಲ್ 23ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕ್ರಿಸ್ ಗೇಲ್ ಪುಣೆ ವಾರಿಯರ್ಸ್ ವಿರುದ್ಧ 66 ಎಸೆತಗಳಲ್ಲಿ ಅಜೇಯ 175 ಹೊಡೆದರು. ಶತಕ ಬಂದದ್ದು 30 ಎಸೆತಗಳಲ್ಲಿ, ಸಿಕ್ಸರ್‌ಗಳು 17. ಇದನ್ನು ‘ಗೇಲ್ಸ್ ಅಟ್ಯಾಕ್’ ಎಂದು ಬರೆದರೆ ಗೇಲ್ ನಾಯಕತ್ವದ ಬೌಲಿಂಗ್ ಪಡೆ ಎಂದು ಓದುವವರೂ ಇರುತ್ತಾರೆ. ‘ಗೇಲ್ಸ್ ಆನ್‌ಸ್ಲಾಟ್ ಅಗೇನ್ಸ್ಟ್ ದಿ ಪುಣೆ ಅಟ್ಯಾಕ್’ ಎಂದಾಗ ಬ್ಯಾಟು ಯಾರದು, ಚೆಂಡು ಯಾರದು ಎಂಬುದು ಒಂದೇ ಸಾಲಿನಲ್ಲಿ ತಿಳಿಯುತ್ತದೆ. ಇಡೀ 20 ಓವರ್ ಆವರಿಸಿದ ಅಂಥ ಆಟಕ್ಕೇ ‘ಆನ್‌ಸ್ಲಾಟ್’ ಒಪ್ಪುತ್ತದೆ. ಕೊನೆಯ ಎರಡು ಓವರ್‌ನಲ್ಲಿ ಬಂದು 30 ರನ್ ಬಾಚಿದರೆ ಅದು ‘ಬ್ಲಿಟ್ಸ್’.

‘ಬ್ಲಿಟ್ಸ್’ ಜರ್ಮನ್ ಪದ, ಮಿಂಚು ಎಂದರ್ಥ. ಮಿಂಚಿನ ಯುದ್ಧ ಎಂಬ ಉದ್ದನೆಯ ಪದದಿಂದ ತುಂಡಾಗಿ ಬಂತು. 1940ರ ಸೆಪ್ಟೆಂಬರ್ 7ರಿಂದ ಮುಂದಿನ ಮೇವರೆಗೆ ಬ್ರಿಟನ್ನಿನ ನಗರಗಳ ಮೇಲೆ ನಡೆದ ಬಾಂಬ್ ದಾಳಿಗೆ ಅದೇ ಹೆಸರು. ಈಗ ಜಾಹೀರಾತು, ಚುನಾವಣಾ ಪ್ರಚಾರ, ಚೆಸ್ ಎಲ್ಲೆಡೆ ಇದೆ. ವೇಗ ಮತ್ತು ಕಡಿಮೆ ಅವಧಿ ಇದ್ದಲ್ಲಿ ಮಾತ್ರ ಬಳಸಿ.

ಹೋಗಿ ಬರುವ ದಾಳಿ: ‘ರೇಡ್’

ಉಚ್ಚಾರವನ್ನು ಮೊದಲು ಸರಿಮಾಡಿಕೊಳ್ಳಬೇಕು. ಟಿವಿಯಲ್ಲಿ ದಿನಾ ಕೇಳುವ ‘ಐಟಿ ರೈಡ್’ ಇಂಗ್ಲಿಷ್ ಕಿವಿಗೆ ಬೈಕ್ ಸವಾರಿ. ಸರಿಯಾದದ್ದು ‘ರೇಡ್’. ಇಂಗ್ಲಿಷಿನ ‘ರೋಡ್’ ಮತ್ತು ಇದು ಒಂದೇ ಬೇರಿನವು. ಇದು ಸ್ಕಾಟ್ಲೆಂಡಿನಲ್ಲಿ ಉಳಿದ ರೂಪ, ವಾಲ್ಟರ್ ಸ್ಕಾಟ್ ಬರಹಗಳಿಂದ ಮತ್ತೆ ಬಳಕೆಗೆ ಬಂತು.

ಪದದ ಜೀವಾಳ ತಿಳಿಯಲು ಕಬಡ್ಡಿ ಅಂಕಣ ಸಾಕು. ರೇಡರ್ 30 ಸೆಕೆಂಡಿನೊಳಗೆ ಎದುರಾಳಿಯ ಅಂಗಳಕ್ಕೆ ನುಗ್ಗಿ, ಮುಟ್ಟಿ, ಹಿಂತಿರುಗಬೇಕು. ಅಲ್ಲೇ ಉಳಿದರೆ ಔಟ್. ಯುದ್ಧದಲ್ಲೂ ಹಾಗೆಯೇ, ಜಾಗ ಹಿಡಿದು ಕೂರುವ ಉದ್ದೇಶವಿದ್ದರೆ ಅದನ್ನು ‘ರೇಡ್’ ಎನ್ನುವುದಿಲ್ಲ. 1942ರ ಏಪ್ರಿಲ್ 18ರಂದು ಅಮೆರಿಕದ ವಿಮಾನಗಳು ಟೋಕಿಯೊ ಮೇಲೆ ಬಾಂಬ್ ಹಾಕಿ ಮುಂದೆ ಹಾರಿಹೋದದ್ದು ‘ಡೂಲಿಟಲ್ ರೇಡ್’.

ತೆರಿಗೆ ಅಧಿಕಾರಿಗಳ ದಾಳಿಗೆ ‘ರೇಡ್’ ಎನ್ನುವುದು ಪತ್ರಿಕೆಯ ಭಾಷೆ. ಆದಾಯ ತೆರಿಗೆ ಕಾನೂನು ಬಳಸುವ ಪದಗಳು ‘ಸರ್ಚ್’ ಮತ್ತು ‘ಸೀಝರ್’, ಅಂದರೆ ಶೋಧ ಮತ್ತು ವಶ. ಅದೇ ಕಾನೂನಿನ ಅಡಿ ನಡೆಯುವ ಇನ್ನೊಂದು ಕ್ರಮ ‘ಸರ್ವೆ’. ಅದಕ್ಕೆ ವ್ಯವಹಾರದ ಸ್ಥಳಕ್ಕೆ ಹೋಗುತ್ತಾರೆ, ಮನೆಗೆ ನುಗ್ಗುವುದಿಲ್ಲ. ಕಂಪನಿಯೊಂದರಲ್ಲಿ ‘ಸರ್ವೆ’ ನಡೆದದ್ದನ್ನು ‘ರೇಡ್’ ಎಂದು ಇಂಗ್ಲಿಷಿನಲ್ಲಿ ಬರೆದರೆ ಹೂಡಿಕೆದಾರರು ಗಾಬರಿಯಾಗುತ್ತಾರೆ, ಅದು ಸುಳ್ಳೂ ಹೌದು. ಶೀರ್ಷಿಕೆಗೆ ‘ರೇಡ್’ ಇರಲಿ, ಸುದ್ದಿಯ ಒಳಗೆ ನಿಜವಾದ ಪದ ಬರಲಿ.

ಕೋಟೆಯ ಗೋಡೆ ಕಲಿಸುವ ಪಾಠ

ಕೆ.ಆರ್. ಮಾರುಕಟ್ಟೆಯ ಬಳಿ ಉಳಿದಿರುವ ಬೆಂಗಳೂರು ಕೋಟೆಯ ಗೋಡೆಯಲ್ಲಿ ಒಂದು ಕಲ್ಲಿನ ಫಲಕವಿದೆ. ಅದರಲ್ಲಿ ಕೆತ್ತಿರುವುದು: ‘ಥ್ರೂ ದಿಸ್ ಬ್ರೀಚ್ ದಿ ಬ್ರಿಟಿಷ್ ಅಸಾಲ್ಟ್ ವಾಸ್ ಡೆಲಿವರ್ಡ್’, ಕೆಳಗೆ 1791ರ ಮಾರ್ಚ್ 21ರ ದಿನಾಂಕ. ಮೂರನೇ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸ್ ಸೈನ್ಯ ಮಾರ್ಚ್ 7ರಂದು ಪೇಟೆ ಹಿಡಿದು, ಆಮೇಲೆ ಕೋಟೆಗೋಡೆಗೆ ಫಿರಂಗಿ ಹೊಡೆದು, 21ರಂದು ಒಳನುಗ್ಗಿತು.

ಆ ಒಂದೇ ಸಾಲಿನಲ್ಲಿ ಸೈನ್ಯದ ಶಬ್ದಕೋಶದ ಅರ್ಧ ಪಾಠ ಇದೆ. ‘ಬ್ರೀಚ್’ ಎಂದರೆ ಫಿರಂಗಿ ಗೋಡೆಯಲ್ಲಿ ಮಾಡಿದ ಬಿರುಕು, ಒಡಕು. ‘ಅಸಾಲ್ಟ್’ ಎಂದರೆ ಆ ಒಡಕಿನ ಮೂಲಕ ಮೈಮೇಲೆ ಬೀಳುವ ಕೊನೆಯ ನುಗ್ಗಾಟ. ‘ಡೆಲಿವರ್’ ಅದರ ಜೊತೆಗಿನ ಹಳೆಯ ಸೈನಿಕ ಕ್ರಿಯಾಪದ, ಇಂದು ‘ಲಾಂಚ್’ ಎನ್ನುತ್ತೇವೆ. ಅದಕ್ಕೂ ಮುಂಚಿನ ಫಿರಂಗಿ ಸುರಿಮಳೆ ‘ಬಂಬಾರ್ಡ್‌ಮೆಂಟ್’, ಸುತ್ತುವರಿದು ಕಾಯುವುದು ‘ಸೀಜ್’, ಒಟ್ಟು ನುಗ್ಗಿ ಹಿಡಿಯುವ ಕ್ರಿಯೆ ‘ಸ್ಟಾರ್ಮ್’. ಈ ‘ಸ್ಟಾರ್ಮ್’ಗೆ ಕನ್ನಡದಲ್ಲಿ ಕರಾರುವಾಕ್ಕಾದ ಪದವಿದೆ: ಲಗ್ಗೆ. 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ನಡೆದದ್ದೂ ಅದೇ.

ಲಗ್ಗೆ ಈಗ ಬೇರೆ ಕಡೆಗೂ ಹೋಗಿದೆ. ‘ಫೈನಲ್‌ಗೆ ಲಗ್ಗೆ’ಯನ್ನು ‘ಸ್ಟಾರ್ಮ್ಡ್ ಇಂಟು ದಿ ಫೈನಲ್’ ಎಂದು ಧೈರ್ಯವಾಗಿ ಬರೆಯಬಹುದು. ‘ಹೊಸ ಫೋನ್ ಮಾರುಕಟ್ಟೆಗೆ ಲಗ್ಗೆ’ ಮಾತ್ರ ಹಾಗಲ್ಲ, ಅದು ‘ಹಿಟ್ ದಿ ಮಾರ್ಕೆಟ್’. ಕಂಪನಿ ಹೊಸ ಕ್ಷೇತ್ರಕ್ಕೆ ಕಾಲಿಟ್ಟರೆ ‘ಫೋರೇ ಇಂಟು’.

ಕಾಲ ಮತ್ತು ಉದ್ದೇಶದ ಮೇಲೆ ಉಳಿದವನ್ನು ಬೇಗ ಬೇರ್ಪಡಿಸಬಹುದು. ‘ಸ್ಟ್ರೈಕ್’ ಕ್ಷಣಗಳದ್ದು, ಗುರಿಯಿಟ್ಟು ಹೊಡೆದದ್ದು. ‘ಅಫೆನ್ಸಿವ್’ ವಾರಗಟ್ಟಲೆ ನಡೆಯುವುದು, ಅದರೊಳಗೆ ಹಲವು ‘ಅಸಾಲ್ಟ್’ಗಳಿರುತ್ತವೆ. ‘ಇನ್‌ವೇಷನ್’ ದೇಶ ಹಿಡಿಯಲು ಬರುವುದು, ‘ಇನ್‌ಕರ್ಷನ್’ ಗಡಿ ದಾಟಿ ಒಂದಷ್ಟು ದೂರ ಒಳಬರುವುದು. 1999ರ ಕಾರ್ಗಿಲ್‌ನಲ್ಲಿ ಕದ್ದು ಬಂದು ಶಿಖರಗಳ ಮೇಲೆ ಕುಳಿತದ್ದು ‘ಇನ್‌ಫಿಲ್ಟ್ರೇಷನ್’. ಜುಲೈ 4ರಂದು ನಮ್ಮ ಯೋಧರು ಟೈಗರ್ ಹಿಲ್ ಮರಳಿ ಪಡೆದದ್ದು ‘ಅಸಾಲ್ಟ್’. ‘ಆಂಬುಷ್’ನ ಬೇರು ಕಾಡು, ಪೊದೆ. ಅಡಗಿ ಕುಳಿತಿರುವುದೇ ಅದರ ಪ್ರಾಣ. ಎದುರಾಎದುರು ಬಂದವರನ್ನು ‘ಆಂಬುಷ್’ ಮಾಡಲಾಗದು.

‘ಬ್ಯಾರಾಜ್’ ಎಂದೊಡನೆ ಉತ್ತರ ಕರ್ನಾಟಕದವರಿಗೆ ಕೃಷ್ಣೆಯ ಹಿಪ್ಪರಗಿ ನೆನಪಾಗುತ್ತದೆ. ನೀರಿಗೆ ಅಡ್ಡಗಟ್ಟುವುದು, ಶತ್ರುವಿಗೆ ಗುಂಡಿನ ಗೋಡೆ ಕಟ್ಟಿ ಅಡ್ಡಗಟ್ಟುವುದು, ಎರಡೂ ಫ್ರೆಂಚಿನ ಒಂದೇ ಮೂಲದಿಂದ ಬಂದವು. ಪ್ರಶ್ನೆಗಳ ಸುರಿಮಳೆಗೆ ‘ಎ ಬ್ಯಾರಾಜ್ ಆಫ್ ಕ್ವೆಶ್ಚನ್ಸ್’ ಹೇಳಿ ಮಾಡಿಸಿದ ಮಾತು. ‘ಸಾಲ್ವೊ’ ಒಟ್ಟಿಗೆ ಹಾರಿಸಿದ್ದು, ಒಮ್ಮೆಗೆ ಮುಗಿಯುತ್ತದೆ.

ಪ್ರಾಣಿಗಳ ವಿಷಯ

ಇಲ್ಲಿ ಸಾಮಾನ್ಯ ಪದಕ್ಕಿಂತ ನಿಖರ ಪದವೇ ಹೆಚ್ಚು ಸುದ್ದಿ ಕೊಡುತ್ತದೆ. ಚಿರತೆ, ಕರಡಿ ಉಗುರು-ಹಲ್ಲಿನಿಂದ ಸೀಳಿ ಗಾಯಗೊಳಿಸಿದರೆ ‘ಮಾಲ್’. ನಾಯಿ ಒಮ್ಮೆ ಕಚ್ಚಿ ಓಡಿದರೆ ಅದು ‘ಬೈಟ್’, ‘ಮಾಲ್’ ಅಲ್ಲ. ಹೋರಿ ಕೊಂಬಿನಿಂದ ಅಥವಾ ಆನೆ ದಂತದಿಂದ ತಿವಿದರೆ ‘ಗೋರ್’, ಆನೆ ತುಳಿದರೆ ‘ಟ್ರ್ಯಾಂಪಲ್’. ಗರುಡ ಮೇಲಿಂದ ಎರಗಿದರೆ ‘ಸ್ವೂಪ್’, ಬೆಕ್ಕಿನ ಜಾತಿಯದು ಹಾರಿ ಬಿದ್ದರೆ ‘ಪೌನ್ಸ್’, ಜೇನು ಮುತ್ತಿದರೆ ‘ಸ್ವಾರ್ಮ್’.

ಬನ್ನೇರುಘಟ್ಟ, ಹಾಸನ, ಕೊಡಗಿನ ಆನೆ ಸುದ್ದಿಯಲ್ಲಿ ‘ಚಾರ್ಜ್’ ಎಂದರೆ ನುಗ್ಗಿ ಬಂದದ್ದು ಮಾತ್ರ. ತಾಗಿತೋ ಇಲ್ಲವೋ ಅದು ಹೇಳುವುದಿಲ್ಲ. ಕಿವಿ ಅಗಲಿಸಿಕೊಂಡು ಓಡಿಬಂದು ನಡುದಾರಿಯಲ್ಲೇ ನಿಲ್ಲುವುದು ‘ಮಾಕ್ ಚಾರ್ಜ್’. ಅದನ್ನು ‘ಅಟ್ಯಾಕ್’ ಎಂದು ಬರೆದರೆ ಆನೆಗೆ ಇಲ್ಲದ ಅಪವಾದ ಹೊರಿಸಿದಂತೆ. ಅಂಥ ಒಂದು ಪದದ ಮೇಲೆ ‘ಪುಂಡಾನೆ ಹಿಡಿಯಿರಿ’ ಎಂಬ ಕೂಗು ಏಳಬಹುದು, ವರದಿಗಾರರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಲಾಠಿ ಚಾರ್ಜ್ ನಮ್ಮ ಇಂಗ್ಲಿಷಿನಲ್ಲಿ ಸರಿ, ಹೊರದೇಶದ ಓದುಗರಿಗೆ ‘ಬ್ಯಾಟನ್ ಚಾರ್ಜ್’.

ಬೀದಿನಾಯಿಗಳ ಹಿಂಡು ಮೇಲೆ ಬಿದ್ದರೆ ‘ಸೆಟ್ ಅಪಾನ್ ಬೈ ಎ ಪ್ಯಾಕ್’. ಯಾರೋ ಛೂ ಬಿಟ್ಟರೆ ‘ಸೆಟ್ ದಿ ಡಾಗ್ ಆನ್ ಹಿಮ್’. ಎರಡರಲ್ಲೂ ‘ಸೆಟ್’ ಇದೆ, ಹೊಣೆ ಯಾರದು ಎಂಬುದು ಮಾತ್ರ ಪೂರ್ತಿ ಬೇರೆ.

ಸೈಬರ್: ದಾಳಿಯಾದರೆ ಸೋರಿಕೆಯಾಯಿತು ಎಂದಲ್ಲ

ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಕಚೇರಿಗಳಲ್ಲಿ ನಾಲ್ಕು ಪದಗಳು ಕಲಸಿಹೋಗುತ್ತವೆ. ‘ಇನ್ಸಿಡೆಂಟ್’ ಎಲ್ಲಕ್ಕೂ ಮೇಲಿನ ಛತ್ರಿ. ‘ಅಟ್ಯಾಕ್’ ಎಂದರೆ ಯಾರೋ ಉದ್ದೇಶಪೂರ್ವಕವಾಗಿ ಯತ್ನಿಸಿದರು, ಸಫಲವಾಗಿರಬೇಕೆಂದಿಲ್ಲ. ‘ಇಂಟ್ರೂಷನ್’ ಎಂದರೆ ಒಳಗೆ ಬಂದರು. ‘ಬ್ರೀಚ್’ ಎಂದರೆ ಮಾಹಿತಿಯ ಗೋಪ್ಯತೆ, ನಿಖರತೆ ಅಥವಾ ಲಭ್ಯತೆಗೆ ಧಕ್ಕೆಯಾಯಿತು. ಫೈರ್‌ವಾಲ್ ತಡೆದ ಯತ್ನವನ್ನು ‘ಬ್ರೀಚ್’ ಎಂದು ಮೇಲ್ ಕಳಿಸಿದರೆ ಗ್ರಾಹಕರ ಮಾಹಿತಿ ಹೋಯಿತೆಂದು ನೀವೇ ಬರೆದುಕೊಟ್ಟಂತೆ. ಅದಕ್ಕೆ ‘ಅಟೆಂಪ್ಟೆಡ್ ಅಟ್ಯಾಕ್, ಬ್ಲಾಕ್ಡ್’ ಸಾಕು.

ತದ್ವಿರುದ್ಧವೂ ನಿಜ. ಸಂಬಳದ ಪಟ್ಟಿ ತಪ್ಪು ವಿಳಾಸಕ್ಕೆ ಹೋದರೆ ಅಲ್ಲಿ ದಾಳಿಕೋರನೇ ಇಲ್ಲ. ಆದರೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ವ್ಯಾಖ್ಯೆಯಲ್ಲಿ ಆಕಸ್ಮಿಕ ಬಹಿರಂಗವೂ ‘ಬ್ರೀಚ್’ನೊಳಗೆ ಬರುತ್ತದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ, ಪಟ್ಟಿಯಲ್ಲಿರುವ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಆ ಸಂಸ್ಥೆಗೆ ತಿಳಿಸಬೇಕು. ಆ ಅವಸರದಲ್ಲೇ ಪದಗಳು ತಪ್ಪುತ್ತವೆ, ಹಾಗಾಗಿ ವರದಿಯ ನಮೂನೆಯಲ್ಲಿ ಈ ನಾಲ್ಕೂ ಪದಗಳ ಅರ್ಥ ಮೊದಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಮಾತಿನ ದಾಳಿ

‘ವಾಗ್ದಾಳಿ’ಯನ್ನು ‘ವರ್ಡಿ ಅಟ್ಯಾಕ್’ ಎನ್ನಬಾರದು. ‘ವರ್ಡಿ’ ಎಂದರೆ ಪದಗಳು ಹೆಚ್ಚಾಗಿ ಜಾಳಾದದ್ದು. ‘ವರ್ಬಲ್ ಅಟ್ಯಾಕ್’ ಎನ್ನಿ, ಅಥವಾ ‘ಹಿಟ್ ಔಟ್ ಆ್ಯಟ್’. ‘ವಾಗ್ಯುದ್ಧ’ ‘ವಾರ್ ಆಫ್ ವರ್ಡ್ಸ್’.

ಉದ್ದಕ್ಕೆ, ಸಿಟ್ಟಿನಿಂದ, ಉಸಿರು ಬಿಡದೆ ಬೈದರೆ ‘ಟೈರೇಡ್’. ಕಹಿ ತುಂಬಿದ ವ್ಯವಸ್ಥಿತ ಟೀಕೆ, ಬಹಳ ಸಲ ಬರಹದಲ್ಲಿ, ‘ಡಯಟ್ರೈಬ್’. ಎರಡೂ ‘ಅಗೇನ್ಸ್ಟ್’ ಬಯಸುತ್ತವೆ. ಒಂದು ಸಾಲಿನ ಚುಚ್ಚುಮಾತು ಎರಡೂ ಅಲ್ಲ, ಅದು ‘ಜೈಬ್’. ‘ಹರಿಹಾಯ್ದರು’ ಎಂಬುದಕ್ಕೆ ‘ಲ್ಯಾಶ್ಡ್ ಔಟ್ ಆ್ಯಟ್’ ಬಹಳ ಹತ್ತಿರ. ‘ತರಾಟೆಗೆ ತೆಗೆದುಕೊಂಡರು’ ‘ಟುಕ್ ಹಿಮ್ ಟು ಟಾಸ್ಕ್’.

ಭಾರತೀಯ ಪತ್ರಿಕೆಗಳು ‘ಫ್ಲೇ’ ಪದವನ್ನು ಧಾರಾಳವಾಗಿ ಬಳಸುತ್ತವೆ. ಮೂಲಾರ್ಥ ಚರ್ಮ ಸುಲಿಯುವುದು. ಸಚಿವರು ಬಜೆಟ್ ಬಗ್ಗೆ ಎರಡು ಮಾತು ಆಡಿದ್ದಕ್ಕೆ ಅದು ತೀರಾ ಹೆಚ್ಚಾಯಿತು. ಹೊರದೇಶದ ಓದುಗರಿಗೆ ‘ಕ್ರಿಟಿಸೈಸ್’ ಎಂದೇ ಬರೆಯಿರಿ. ‘ಸ್ಲ್ಯಾಮ್’ ಚಿಕ್ಕದೆಂಬ ಕಾರಣಕ್ಕೆ ಶೀರ್ಷಿಕೆಯಲ್ಲಿ ಉಳಿದಿದೆ, ಪ್ರಬಂಧಕ್ಕೆ ಬೇಡ.

ವಿಶೇಷಣಗಳಲ್ಲೂ ಗಡಿ ಇದೆ. ‘ಸ್ಕೇದಿಂಗ್’ ಮಾತಿಗೆ ಮಾತ್ರ, ನಾಯಿಯ ದಾಳಿ ‘ಸ್ಕೇದಿಂಗ್’ ಆಗದು. ‘ಬ್ರೂಟಲ್’ ಮೈಮೇಲಿನ ಹಿಂಸೆಗೆ ಹೆಚ್ಚು ಒಪ್ಪುತ್ತದೆ. ‘ವಿಶಸ್’ನಲ್ಲಿ ದುರುದ್ದೇಶದ ಧ್ವನಿ ಇದೆ. ‘ಫ್ರೆಂಜಿಡ್’ ಚಾಕು ಹಿಡಿದು ಹುಚ್ಚೆದ್ದವನಿಗೆ. ‘ಫಿಯರ್ಸ್’ ಎಲ್ಲ ಕಡೆಗೂ ಸಲ್ಲುತ್ತದೆ.

ಸೀಜ್, ಸೀಝ್ ಮತ್ತು ಮುತ್ತಿಗೆ

ಪೊಲೀಸರು ‘ಗಾಡಿ ಸೀಜ್ ಮಾಡಿದ್ರು’ ಎಂದು ನಾವು ಆಡುವುದರಿಂದ ಎರಡು ಬೇರೆ ಪದಗಳು ಒಂದಾಗಿವೆ. ಗಾಡಿ ವಶಪಡಿಸಿಕೊಂಡದ್ದು ‘ಸೀಝ್’, ಅದರ ಬರಹದಲ್ಲಿ ಎಸ್ ಆದಮೇಲೆ ಇ, ಆಮೇಲೆ ಐ, ಕೊನೆಗೆ ಝಡ್ ಮತ್ತು ಇ. ಕೋಟೆ ಸುತ್ತುವರಿದದ್ದು ‘ಸೀಜ್’, ಅಲ್ಲಿ ಐ ಮೊದಲು, ಇ ಆಮೇಲೆ, ಕೊನೆಗೆ ಜಿ ಮತ್ತು ಇ. ಎರಡನೆಯದು ನಾಮಪದ, ಕ್ರಿಯೆಗೆ ‘ಲೇ ಸೀಜ್ ಟು’ ಎನ್ನಬೇಕು. ಇಲ್ಲಿ ‘ಆನ್’ ಅಲ್ಲ, ‘ಟು’.

‘ವಿಧಾನಸೌಧಕ್ಕೆ ಮುತ್ತಿಗೆ’ ಎಂಬ ಸುದ್ದಿಗೆ ಈ ‘ಸೀಜ್’ ಹಾಕಿದರೆ ಅನ್ನ-ನೀರು ತಡೆದು ದಿನಗಟ್ಟಲೆ ಕಾದರು ಎಂಬಂತೆ ಕೇಳಿಸುತ್ತದೆ. ಸಚಿವರನ್ನೋ ಅಧಿಕಾರಿಯನ್ನೋ ಸುತ್ತುಗಟ್ಟಿ ಹೊರಬಿಡದಿದ್ದರೆ ‘ಘೇರಾವ್’. ಈ ಪದ ಇಂಗ್ಲಿಷ್ ನಿಘಂಟುಗಳಲ್ಲೇ ಇದೆ. ಮುತ್ತಿಗೆಗೆಂದು ಹೊರಟವರನ್ನು ಫ್ರೀಡಂ ಪಾರ್ಕ್ ಬಳಿಯೇ ಪೊಲೀಸರು ತಡೆದಿದ್ದರೆ ‘ಟ್ರೈಡ್ ಟು ಮಾರ್ಚ್ ಆನ್ ವಿಧಾನಸೌಧ’ ಎಂದು ಬರೆಯಿರಿ. ಇಲ್ಲಿ ‘ಆನ್’ ಬೇಕೇ ಬೇಕು, ‘ಟು’ ಹಾಕಿದರೆ ಅವರು ಸುಮ್ಮನೆ ಆ ಕಡೆ ನಡೆದುಕೊಂಡು ಹೊರಟಿದ್ದರು ಎಂದಷ್ಟೇ ಅರ್ಥ ಬರುತ್ತದೆ.